ಸಡಿಲಿದ ಕಾಯ, ತಿಳಿಯಾದ ಮನ



ಇಷ್ಟಲಿಂಗವನ್ನು ಕರಸ್ಥಲಕ್ಕೆ ಬಿಜಯಮಾಡಿಸಿಕೊಂಡು ಕುಳಿತರೂ ಮನಸ್ಸು ನಿಲ್ಲದೆಂಬುದು ಗೃಹಸ್ಥರು ಹೇಳಿಕೊಳ್ಳುವ ಕೊರಗು. ದೃಷ್ಟಿಯೇನೋ ಲಿಂಗದ ಮೇಲಿರುತ್ತದೆ. ಮನಸ್ಸು ಸಾಲದ ಪತ್ರ, ಮಗಳ ಮದುವೆ, ಹೊಲದ ಬದುವಿನ ಜಗಳಗಳ ಸುತ್ತ ತಿರುಗುತ್ತಿರುತ್ತದೆ. ಇದಕ್ಕೆ ನಾಚಬೇಕಾಗಿಲ್ಲ. ತಮ್ಮ ಮನಸ್ಸನ್ನು ಕೊಂಬೆಯ ಮೇಲೆ ನೆಗೆದಾಡುವ ಕಪಿಗೆ ಹೋಲಿಸಿಕೊಂಡವರು ಬಸವಣ್ಣನವರೇ ಅಲ್ಲವೆ? ಆ ಕಪಿಯನ್ನು ಬಲಾತ್ಕಾರದಿಂದ ಕಟ್ಟಿಹಾಕಹೊರಡುವಲ್ಲಿಯೇ ನಾವು ತಪ್ಪುತ್ತೇವೆ.

ಈ ತಪ್ಪನ್ನು ನಾನೂ ಅನೇಕ ವರ್ಷ ಮಾಡಿದ್ದೇನೆ. ಬೆನ್ನನ್ನು ಸೆಟೆಸಿ, ಹಲ್ಲು ಕಚ್ಚಿ, ಉಸಿರನ್ನು ಬಿಗಿಹಿಡಿದು ಕೂಡುವುದೇ ಏಕಾಗ್ರತೆಯೆಂದು ಭಾವಿಸಿದ್ದೆನು. ಒಂದು ಮುಂಜಾನೆ ಪೂಜೆ ಮುಗಿಸಿ ಪ್ರಸಾದಕ್ಕೆ ಕರೆದಾಗ ಕಿರಿಯ ಮಗಳು ಬಾಗಿಲಲ್ಲಿಯೇ ನಿಂತಳು. “ಯಾಕವ್ವಾ, ಬಾ” ಎಂದೆನು. “ಅಪ್ಪಾ, ಪೂಜಿ ಆದಮ್ಯಾಲ ನಿಮಗ ಸಿಟ್ಟು ಜಾಸ್ತಿ ಬರತೈತಿ” ಎಂದಳು. ಕನ್ನಡಿಯಲ್ಲಿ ನೋಡಿಕೊಂಡೆನು. ವಿಭೂತಿಯ ಮೂರು ರೇಖೆಗಳ ಕೆಳಗೆ ಹುಬ್ಬಿನ ಗಂಟು ನಾಲ್ಕನೆಯ ರೇಖೆಯನ್ನೆಳೆದಿತ್ತು. ಮಗು ಹೆದರಿ ದೂರ ನಿಲ್ಲುವಂತಹ ಪೂಜೆ ಲಿಂಗಕ್ಕೆ ಮುಟ್ಟಿತೆಂದು ಹೇಗೆ ನಂಬಲಿ?

ಶೂನ್ಯಸಂಪಾದನೆಯ ಗೋರಕ್ಷನ ಪ್ರಸಂಗವನ್ನು ಪಾಠಶಾಲೆಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೆನು. ಅದರ ಅರ್ಥ ಅಂದು ಹೊಳೆಯಿತು. ವಜ್ರಕಾಯನಾದ ಆತನ ಮೈಗೆ ಖಡ್ಗ ತಾಗಿದಾಗ ಖಣಿಲೆಂದು ಸದ್ದಾಯಿತು. ಆತನು ಪ್ರಭುದೇವರ ಮೇಲೆ ಬೀಸಿದ ಖಡ್ಗವು ಬಯಲಲ್ಲಿ ಆಡಿದಂತೆ ಹಾಯ್ದುಹೋಯಿತು. ಮೈಯನ್ನು ಕಲ್ಲಾಗಿಸಿದವನಲ್ಲಿ ‘ನಾನು’ ಎಂಬುದು ಉಳಿದಿತ್ತು. ಪ್ರಭುಗಳಲ್ಲಿ ತಡೆಯುವಂತಹುದೇನೂ ಇರಲಿಲ್ಲ. ಪ್ರಭುಗಳ ನಿಲವು ನಮಗೆ ದೂರದ ಮಾತು. ಬಿಗಿತವು ಸಿದ್ಧಿಯಲ್ಲವೆಂಬ ಪಾಠವಾದರೂ ನಮಗೆ ದಕ್ಕಬೇಕು.

ಬಿಗಿದ ದವಡೆ, ಎತ್ತಿದ ಹೆಗಲು, ಹಿಡಿದ ಉಸಿರು—ಇವು ಶತ್ರುವಿನೆದುರು ನಿಂತವನ ಲಕ್ಷಣಗಳು. ದೇಹವು ಹೀಗಿರುವಾಗ ಮನಸ್ಸು ಶಾಂತವಾಗೆಂದರೆ ಹೇಗಾದೀತು? ಅಮೆರಿಕದ ಶಿಕಾಗೋ ನಗರದ ವೈದ್ಯ ಎಡ್ಮಂಡ್ ಜೇಕಬ್‌ಸನ್ನರು 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದೊಂದು ಸ್ನಾಯುವಿನ ಬಿಗಿತವನ್ನು ಗುರುತಿಸಿ ಅದನ್ನು ಸಡಿಲಿಸುವ ಕ್ರಮವನ್ನು ವಿವರಿಸಿದರು. ದೇಹವನ್ನೇ ದೇವಾಲಯವಾಗಿ ಕಂಡ ಶರಣರ ಮಕ್ಕಳಿಗೆ ಇದು ಪರಕೀಯವಲ್ಲ. ಅದಕ್ಕೆ ತಕ್ಕ ಸಾಧನ ನಮ್ಮ ನಿತ್ಯಕ್ರಿಯೆಯಲ್ಲಿಯೇ ಇದೆ.

ಆಸನದಲ್ಲಿ ಕುಳಿತೊಡನೆ ಜಪಕ್ಕೆ ಅವಸರಿಸಬೇಡಿರಿ. ವಿಭೂತಿಯನ್ನು ಧರಿಸುವಾಗ ಬೆರಳು ಮುಟ್ಟಿದ ಸ್ಥಾನದಲ್ಲೆಲ್ಲ ಅರೆಗಳಿಗೆ ನಿಂತು, ಅಲ್ಲಿಯ ಬಿಗಿತವನ್ನು ಬಿಟ್ಟುಬಿಡಿರಿ. ಹಣೆಯಲ್ಲಿ ಹುಬ್ಬಿನ ಗಂಟು ಬಿಡಲಿ. ಕೊರಳಲ್ಲಿ ದವಡೆಯೂ ನಾಲಗೆಯೂ ಸಡಿಲಲಿ. ಹೆಗಲುಗಳು ತಾವಾಗಿ ಇಳಿಯಲಿ. ನಾಭಿಯಲ್ಲಿ ಹೊಟ್ಟೆಯ ಬಿಗಿ ತಗ್ಗಲಿ. ಬೆನ್ನು ನೆಟ್ಟಗಿರಲಿ, ಆದರೆ ಸೆಟೆಯದಿರಲಿ. ಎಡಗೈ ದಣಿದರೆ ಮೊಣಕೈಯನ್ನು ಪಕ್ಕೆಗೆ ಆನಿಸಿರಿ. ಲಿಂಗವನ್ನು ಧರಿಸಿದ ಅಂಗೈ ಇಕ್ಕುಳವಾಗದೆ ಪೀಠವಾಗಲಿ. ಅನಂತರ ಉಸಿರನ್ನು ಒಳಗೆಳೆದುಕೊಂಡುದಕ್ಕಿಂತ ನಿಧಾನವಾಗಿ ಹೊರಬಿಡಿರಿ. ಉಸಿರು ಹೊರಹೋಗುವಾಗ ಹೃದಯದ ಬಡಿತ ಸಹಜವಾಗಿಯೇ ಕೊಂಚ ಮಂದವಾಗುತ್ತದೆ. ಆ ಉಸಿರಿನೊಡನೆ ಪಂಚಾಕ್ಷರಿಯು ಸಾಗಲಿ. ಮನಸ್ಸು ಹೊರಗೆ ಹೋದುದು ತಿಳಿದಾಗ ಅದನ್ನು ಗದರಿಸದೆ, ಕೈಹಿಡಿದು ಮಗುವನ್ನು ಕರೆತರುವಂತೆ ಕರೆತನ್ನಿರಿ. ನೂರು ಸಲ ಹೋದರೆ ನೂರು ಸಲವೂ ಕರೆತರಬೇಕು, ಅದೇ ಅಭ್ಯಾಸ.

ಇದು ಆಲಸ್ಯವಾದೀತೆಂದು ಶಂಕಿಸಬೇಡಿರಿ. ಮಧ್ಯಾಹ್ನ ನೊಗ ಬಿಚ್ಚಿ ನೆರಳಲ್ಲಿ ಮೆಲುಕು ಹಾಕಿದ ಎತ್ತೇ ಇಳಿಹೊತ್ತಿನಲ್ಲಿ ಚೆನ್ನಾಗಿ ಉಳುತ್ತದೆ. ಕಾಯಕಕ್ಕೆ ಬೇಕಾದ ಕಸುವನ್ನು ವಿಶ್ರಾಂತಿ ಕೊಡುತ್ತದೆ.

ಪೂಜೆ ಎಷ್ಟು ಹೊತ್ತು ನಡೆಯಿತೆಂಬುದರಿಂದ ಅದರ ಫಲವನ್ನು ಅಳೆಯಲಾಗದು. ಆಸನದಿಂದೆದ್ದವರು ಮಡದಿಯೊಡನೆ, ಮಕ್ಕಳೊಡನೆ, ಮನೆಯ ಆಳಿನೊಡನೆ ಆಡುವ ಮೊದಲ ಮಾತು ಮೃದುವಾಗಿದ್ದರೆ ಪೂಜೆ ಲಿಂಗಕ್ಕೆ ಮುಟ್ಟಿತೆಂದು ತಿಳಿಯಿರಿ. ನಾಳಿನ ಮುಂಜಾನೆ ಹುಬ್ಬಿನ ಒಂದು ಗಂಟನ್ನು ಬಿಚ್ಚುವುದರಿಂದ ಆರಂಭಿಸೋಣ.