ಯಾರ ಹೆಸರು ಹೇಳಲಿ?

ಮರ ಕಡಿಯುವುದು ಪಾಪವೆಂದು ನಮ್ಮಲ್ಲಿ ಒಪ್ಪದವರಿಲ್ಲ. ಮರ ಕಡಿಸುವುದು ಏನು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಅಷ್ಟಾಗಿ ಕೇಳಿಕೊಂಡಂತಿಲ್ಲ. ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇವೆರಡೂ ಒಂದೇ ಧಾತುವಿನಿಂದ ಹುಟ್ಟಿದ ರೂಪಗಳು. ಎರಡನೆಯದು ಪ್ರೇರಣಾರ್ಥಕ, ಅಷ್ಟೆ. ತರಗತಿಯಲ್ಲಿ ಐದು ನಿಮಿಷಕ್ಕೆ ಮುಗಿಯುವ ಈ ಭೇದ ಬಾಳಿನಲ್ಲಿ ಅಷ್ಟು ಬೇಗ ಮುಗಿಯುವುದಿಲ್ಲವೆಂಬುದನ್ನು ನಾನು ಕಲಿತದ್ದು ಕಂಪ್ಲಿಯ ಕೋಟೆಯಲ್ಲಿ, ಒಂದು ಅರಳಿಯ ಮರದ ಕೆಳಗೆ.

ನಾನು ಪಾಠ ಹೇಳುವುದು ಹೊಸಪೇಟೆಯಲ್ಲಿ. ಹಿರಿಯರ ಮನೆ ಇರುವುದು ಕಂಪ್ಲಿಯ ಕೋಟೆಯಲ್ಲಿ. ಅಲ್ಲಿ ತುಂಗಭದ್ರೆ ನೆರೆಮನೆಯವಳಿದ್ದಂತೆ. ಬೇಡವೆಂದರೂ ಬಂದು ಹೋಗುತ್ತಾಳೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ವರ್ಷ ಗಂಗಾವತಿಯ ಕಡೆಯ ಸೇತುವೆ ಮುಳುಗುತ್ತದೆ. ಹೊಳೆಯಂಚಿನ ಓಣಿಗಳವರು ಪಾತ್ರೆಪಡಗ ಅಟ್ಟಕ್ಕೇರಿಸುತ್ತಾರೆ. ನಮ್ಮ ಓಣಿ ಹೊಳೆಗೆ ಇಳಿಯುವಲ್ಲಿ ಒಂದು ಅರಳಿಕಟ್ಟೆ. ಕಟ್ಟೆಯ ಮೇಲೆ ನಾಲ್ಕಾರು ನಾಗರಕಲ್ಲು. ಬೇಸಗೆಯ ಮಧ್ಯಾಹ್ನ ಮುದುಕರು, ಸಂಜೆ ಹುಡುಗರು, ಸೋಮವಾರ ಪ್ರದಕ್ಷಿಣೆಯ ಹೆಂಗಸರು. ಅದು ಯಾರ ಮರವೆಂದು ಯಾರೂ ಕೇಳಿರಲಿಲ್ಲ. ಎಲ್ಲರದಾಗಿತ್ತು; ಎಂದರೆ, ನೋಡಿಕೊಳ್ಳುವ ಮಟ್ಟಿಗೆ ಯಾರದೂ ಆಗಿರಲಿಲ್ಲ.

ನೋಡಿಕೊಳ್ಳಲಿಲ್ಲವೆಂದರೆ ಸುಮ್ಮನಿದ್ದೆವೆಂದು ಅರ್ಥವಲ್ಲ. ಸುಮ್ಮನಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಟ್ಟೆ ಚೊಕ್ಕಟವಾಗಿರಲೆಂದು ಓಣಿಯವರೇ ಚಂದಾ ಎತ್ತಿ ಬುಡದವರೆಗೂ ಸಿಮೆಂಟು ಹಾಕಿಸಿದೆವು. ಮರಕ್ಕೆ ನೀರುಣಿಸುವ ಸಣ್ಣ ಬೇರುಗಳು ಬಹುಪಾಲು ನೆಲದ ಮೇಲುಮಣ್ಣಿನಲ್ಲೇ ಹರಡಿರುತ್ತವೆ, ಅವಕ್ಕೂ ಉಸಿರು ಬೇಕು ಎಂಬುದು ನಮಗೆ ತಿಳಿದಿರಲಿಲ್ಲ. ದಿಲ್ಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟು ಕಿತ್ತು ಹಾಕಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆಜ್ಞೆ ಮಾಡಿದ್ದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ದಿಲ್ಲಿಯ ಸುದ್ದಿಯೆಂದು ಪುಟ ತಿರುವಿದ್ದೆ. ಆಮೇಲೆ ಚರಂಡಿ ತೋಡುವಾಗ ಹೊಳೆಯ ಮಗ್ಗುಲಿನ ಎರಡು ಹೆಬ್ಬೇರುಗಳನ್ನು ಕತ್ತರಿಸಿದ್ದಾಯಿತು. ತಂತಿಗೆ ತಾಗುತ್ತದೆಂದು ವರ್ಷ ವರ್ಷವೂ ಒಂದೇ ಮಗ್ಗುಲಿನ ಕೊಂಬೆಗಳನ್ನು ಮೊಟಕಿಸಿದ್ದಾಯಿತು. ಪ್ರದಕ್ಷಿಣೆ ಮಾತ್ರ ಒಂದು ಸೋಮವಾರವೂ ತಪ್ಪಲಿಲ್ಲ.

ಒಂದು ಬೇಸಗೆಯ ರಾತ್ರಿ, ಮಳೆಗಿಂತ ಮುಂಚೆ ಬರುವ ಆ ಹುಚ್ಚುಗಾಳಿಗೆ, ಎತ್ತಿನ ಹೊಟ್ಟೆಯಷ್ಟು ದಪ್ಪದ ಕೊಂಬೆಯೊಂದು ಮುರಿದು ಎದುರು ಮನೆಯ ಹಂಚಿನ ಮೇಲೆ ಬಿತ್ತು. ತೊಟ್ಟಿಲು ಆ ಹಂಚಿನ ಕೆಳಗಿತ್ತು. ಅಂದು ಮಗು ಅಜ್ಜಿಯ ಮಗ್ಗುಲಲ್ಲಿ ಮಲಗಿತ್ತು. ಬೆಳಗಾದ ಮೇಲೆ ಬಲ್ಲವರೊಬ್ಬರು ಬಂದು ನೋಡಿದರು. ಕಾಂಡದಲ್ಲಿ ಪೊಟರೆ ಇದ್ದ ಮಾತ್ರಕ್ಕೆ ಮರ ಹೋಯಿತೆಂದು ಹೇಳಲಾಗದು, ಮರದ ಜೀವವೆಲ್ಲ ತೊಗಟೆಯ ಒಳಮಗ್ಗುಲಲ್ಲಿದೆ ಎಂದರು. ಆದರೆ ಹೊಳೆಯ ಕಡೆಯ ಬೇರು ಕೊಳೆತಿದೆ, ಬುಡದ ನೆಲ ಬಿರಿದಿದೆ, ಮರ ಮನೆಗಳ ಕಡೆಗೆ ವಾಲುತ್ತಿದೆ. ಇದನ್ನು ಇನ್ನು ಉಳಿಸುವುದೆಂದರೆ ಯಾರನ್ನಾದರೂ ಕಳೆದುಕೊಳ್ಳಲು ಒಪ್ಪಿದಂತೆ ಎಂದರು.

ಓಣಿಯಲ್ಲಿ ಮೂರು ಪಕ್ಷಗಳಾದವು. ದೇವರ ಮರ, ಮುಟ್ಟಕೂಡದು ಎಂಬುದೊಂದು. ತೊಟ್ಟಿಲಿನ ಮನೆಯವರ ಪಕ್ಷ ಮತ್ತೊಂದು. ತಲೆ ಮಾತ್ರ ಬೋಳಿಸಿ ಮರ ಉಳಿಸೋಣವೆಂಬ ದಯಾಳುಗಳದು ಮೂರನೆಯದು. ಈ ಮೂರನೆಯ ದಯೆಯ ವಿಷಯದಲ್ಲಿ ವಾಚಕರು ಎಚ್ಚರವಾಗಿರಬೇಕು. ಮರದ ಗಾಯ ನಮ್ಮ ಮೈಯ ಗಾಯದಂತೆ ಮಾಯುವುದಿಲ್ಲ. ಗಾಯದ ಸುತ್ತ ಮರ ಒಳಗೊಳಗೇ ಗೋಡೆ ಕಟ್ಟಿ ಕೊಳೆತವನ್ನು ತಡೆಯುತ್ತದೆ, ಅದರ ಮೇಲೆ ಹೊಸ ಮರ ಬೆಳೆಸುತ್ತದೆ. ಅಮೆರಿಕದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಕಾಂಡಗಳನ್ನು ಸೀಳಿ ನೋಡಿ ತೋರಿಸಿದ ಸಂಗತಿ ಇದು. ನಡುಗೊಂಬೆಯಲ್ಲಿ ಕಡಿದ ಮೋಟಿಗೆ ಆ ಗೋಡೆ ಕಟ್ಟುವುದು ಕಷ್ಟ. ಅಲ್ಲಿಂದ ಹೊರಡುವ ಚಿಗುರು ಕಣ್ಣಿಗೆ ಹಸಿರು, ಹಿಡಿತದಲ್ಲಿ ದುರ್ಬಲ. ತಲೆ ಬೋಳಿಸುವುದು ಸಾವನ್ನು ಹತ್ತು ವರ್ಷ ಮುಂದೂಡಿ ಅದನ್ನು ನಮ್ಮ ಮಕ್ಕಳ ತಲೆಯ ಮೇಲೆ ಕಟ್ಟುವ ಉಪಾಯ.

ಕೊನೆಗೆ ಅರ್ಜಿ ಬರೆದೆವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಹಿತ್ತಲಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕನ್ನಡ ಮೇಷ್ಟರೆಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ರುಜುವೂ ನನ್ನದೇ. ಅನುಮತಿ ಬಂತು.

ಕಡಿಯಲು ಬಂದವನು ಐವತ್ತರ ಹತ್ತಿರದ ಒಬ್ಬ ಮನುಷ್ಯ. ಹೆಗಲ ಮೇಲೆ ಕೊಡಲಿ, ಕೈಯಲ್ಲಿ ಬಾಡಿಗೆಗೆ ತಂದ ಯಂತ್ರಗರಗಸ. ಸೊಂಟಕ್ಕೆ ಪಟ್ಟಿಯಿಲ್ಲ, ಹಗ್ಗವಿಲ್ಲ. ಓಣಿಯ ಹಿರಿಯರು ತೆಂಗಿನಕಾಯಿ ಒಡೆದರು, ಕೊಡಲಿಗೆ ಕುಂಕುಮವಿಟ್ಟರು. ಮೊದಲ ಏಟು ನೀನೇ ಹಾಕಬೇಕು ಎಂದು ಅವನಿಗೆ ಹೇಳಿ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರು. ಆತ ಏಟು ಹಾಕಲಿಲ್ಲ. ಕಾಂಡದ ಮೇಲೆ ಅಂಗೈಯಿಟ್ಟು ನಮ್ಮ ಕಡೆ ತಿರುಗಿ ಕೇಳಿದ:

“ಮರಕ್ಕ ಹೇಳಬೇಕಲ್ರಿ, ಯಾರು ಕಡಿಸಾಕತ್ತಾರಂತ. ಯಾರ ಹೆಸರು ಹೇಳ್ಲಿ?”

ಅದು ಅವರ ಮನೆತನದ ರೂಢಿಯಂತೆ, ಅಪ್ಪ ಕಲಿಸಿದ್ದಂತೆ. ನಾವು ಹದಿನೈದು ಇಪ್ಪತ್ತು ಜನ ಅಲ್ಲಿದ್ದೆವು. ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ತೊಟ್ಟಿಲಿನ ಮನೆಯವನು ನೆಲ ನೋಡಿದ. ನಾನು ಹೊಳೆ ನೋಡಿದೆ. ಯಾರೋ ಒಬ್ಬರು, “ಓಣಿಯವರು ಅಂತ ಹೇಳಪ್ಪ” ಎಂದರು. ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಕಾದು, ಮರಕ್ಕೆ ಹಣೆ ಹಚ್ಚಿ, ತನ್ನ ಹೆಸರನ್ನೇ ಹೇಳಿಕೊಂಡು ಮೇಲೇರಿದ.

ನಾವೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಕೊಂಬೆ ಬೀಳುತ್ತದಲ್ಲ, ಹೊರಗಿರುವುದು ಅಪಾಯ.

ಈ ಪ್ರಶ್ನೆ ಕೇಳಿದವನು ಅವನೊಬ್ಬನೇ ಅಲ್ಲ. ಮನುಸ್ಮೃತಿಯಲ್ಲಿ ನಮಗೆ ಒಪ್ಪಿಗೆಯಾಗದ ಮಾತು ಎಷ್ಟೋ ಇರಬಹುದು; ಆದರೆ ಮಾಂಸದ ಪ್ರಸಂಗ ಬಂದಾಗ ಅದು ಘಾತಕರನ್ನು ಎಣಿಸುವ ರೀತಿ ಗಮನಿಸತಕ್ಕದ್ದು. ಕೊಂದವನೊಬ್ಬನನ್ನು ಹಿಡಿದು ಅದು ಸುಮ್ಮನಾಗುವುದಿಲ್ಲ. ಒಪ್ಪಿಗೆ ಕೊಟ್ಟವನು, ಕತ್ತರಿಸಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ಉಂಡವನು, ಹೀಗೆ ಎಂಟು ಮಂದಿಯನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಒಪ್ಪಿಗೆ ಕೊಟ್ಟವನನ್ನು ಎಲ್ಲರಿಗಿಂತ ಮೊದಲು ಹೆಸರಿಸುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ವಿಗ್ರಹಕ್ಕಾಗಿ ಮರ ತರಲು ಹೋದವರು ಹಿಂದಿನ ರಾತ್ರಿಯೇ ಮರವನ್ನು ಪೂಜಿಸಿ, ಅದರಲ್ಲಿ ನೆಲೆಸಿರುವ ಜೀವಗಳನ್ನು ಬೇರೆಡೆ ಹೋಗಿರೆಂದು ಬೇಡಿಕೊಳ್ಳಬೇಕೆಂಬ ವಿಧಿಯಿದೆ. ಇವೆಲ್ಲ ಮೂಢನಂಬಿಕೆಯೆಂದು ನಗುವವರು ನಗಲಿ. ಮರಕ್ಕೆ ಕಿವಿಯಿಲ್ಲದಿರಬಹುದು, ಹೇಳುವವನಿಗೆ ಇದೆಯಲ್ಲ! ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿ ಕೇಳಿಸಿಕೊಂಡವನು ಸುಳ್ಳು ಕಾರಣಕ್ಕೆ ಮರ ಕಡಿಸಲಾರ.

ಹಾಗಾದರೆ ಅರಳಿಯನ್ನು ಕಡಿಯಲೇಬಾರದಾಗಿತ್ತೆ? ಹಾಗಲ್ಲ. ತೊಟ್ಟಿಲಿನ ಮೇಲೆ ವಾಲಿದ ಮರವನ್ನು ಭಕ್ತಿಯ ಹೆಸರಿನಲ್ಲಿ ಬಿಡುವುದು ಧರ್ಮವಲ್ಲ, ಹೇಡಿತನ. ಸ್ಥಳ ನೋಡದೆ ಧರ್ಮ ಹೇಳಲಾಗದು. ಇದಕ್ಕೆ ಸಾಕ್ಷಿ ಬೇಕಾದರೆ ಹಂಪೆಗೆ ಹೋಗಬಹುದು. ಕಟ್ಟೆಯ ಮೇಲಿದ್ದರೆ ಪ್ರದಕ್ಷಿಣೆ ಪಡೆಯುವ ಇದೇ ಅರಳಿ, ಹಕ್ಕಿಯ ಹಿಕ್ಕೆಯೊಡನೆ ಗೋಪುರದ ಬಿರುಕಿನಲ್ಲಿ ಬಿದ್ದು ಮೊಳೆತರೆ ಅಲ್ಲಿ ಶತ್ರು. ಅದರ ಬೇರು ದಪ್ಪವಾಗುತ್ತಾ ಬಂದಂತೆ ಶತಮಾನಗಳ ಕಲ್ಲು ಜರುಗುತ್ತದೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಕಲ್ಲುಗಳನ್ನು ಕಾಯುವವರು ಸಸಿಯನ್ನು ಕೀಳುತ್ತಾರೆ, ಕಿತ್ತರೆ ತಪ್ಪಿಲ್ಲ. ಮೊದಲ ವರ್ಷ ಕಿತ್ತರೆ ಎರಡು ಬೆರಳು ಸಾಕು, ಹತ್ತು ವರ್ಷ ಬಿಟ್ಟರೆ ಮರದ ಜೊತೆಗೆ ಗೋಡೆಯೂ ಬರುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರಂತೆ ಎಂಬ ಗಾದೆಯ ಅರ್ಥ ಅಲ್ಲಿ ಕಣ್ಣಿಗೆ ಕಾಣುತ್ತದೆ.

ನಮ್ಮ ತಪ್ಪು ಇದ್ದದ್ದೂ ಅಲ್ಲಿಯೇ. ಅಂದು ಬೆಳಿಗ್ಗೆ ಕೊಡಲಿ ಬೇಕಾಗಿತ್ತು, ನಿಜ. ಅದು ಬೇಕಾಗುವಂತೆ ಮಾಡಿದವರು ನಾವು. ಮರಕ್ಕೂ ವೈದ್ಯವಿದೆಯೆಂಬುದು ಈ ನಾಡಿಗೆ ಹೊಸ ಸಂಗತಿಯಲ್ಲ. ಚಾವುಂಡರಾಯ ಸುಮಾರು 1025ರಲ್ಲಿ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲು. ವರಾಹಮಿಹಿರ ಮರಗಳ ನಡುವೆ ಇಪ್ಪತ್ತು ಮೊಳ ಬಿಟ್ಟರೆ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠ ಎನ್ನುತ್ತಾನೆ. ರೋಗ ಬಂದ ಮರಕ್ಕೆ ಮೊದಲು ಶಸ್ತ್ರದಿಂದ ಶುದ್ಧಿ, ಅನಂತರ ವಾಯುವಿಳಂಗ, ತುಪ್ಪ, ಕೆಸರುಗಳ ಲೇಪ ಎನ್ನುತ್ತಾನೆ. ಇಂದಿನವರು ಲೇಪ ಬೇಡ, ಗಾಯ ಗಾಳಿಗೆ ಬಿಡಿ ಎನ್ನುತ್ತಾರೆ; ಶುಚಿಯಾದ ಕತ್ತರಿ ಮೊದಲು ಎಂಬುದರಲ್ಲಿ ಇಬ್ಬರೂ ಒಂದೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವು ಮಕ್ಕಳ ವಿಷಯದಲ್ಲಿ ಸಾವಿರ ಸಲ ಹೇಳುತ್ತೇವೆ, ಗಿಡದ ವಿಷಯದಲ್ಲಿ ಒಂದು ಸಲವೂ ಹೇಳುವುದಿಲ್ಲ. ಆರೈಕೆಯಲ್ಲಿ ಪೂಜೆಯ ಸಂಭ್ರಮವಿಲ್ಲ, ಅದಕ್ಕೇ ಇರಬೇಕು.

ಒಂದು ಮರಕ್ಕೆ ಇಷ್ಟು ಮಾತೇಕೆ, ಅತ್ತ ಸಂಡೂರಿನ ಬೆಟ್ಟಗಳನ್ನು ನೋಡಬಾರದೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವೇ. 2024ರಲ್ಲಿ ದೇವದಾರಿ ಬೆಟ್ಟದ ಗಣಿಯ ಮಾತು ಬಂದಾಗ, ಅದಕ್ಕಾಗಿ ಕಡಿಯಬೇಕಾಗುವ ಮರಗಳು ಸುಮಾರು 99 ಸಾವಿರವೆಂದು ಪತ್ರಿಕೆಗಳಲ್ಲಿ ಓದಿದೆವು. ಅಷ್ಟು ಮರಗಳ ಮುಂದೆ ಅಂಗೈಯಿಟ್ಟು ನಿಂತು ‘ಯಾರ ಹೆಸರು ಹೇಳಲಿ’ ಎಂದು ಯಾರು ಯಾರನ್ನು ಕೇಳಬೇಕು? ಕಬ್ಬಿಣ ಬಳಸುವ ನಾವೆಲ್ಲರೂ ಆ ಅರ್ಜಿಗೆ ಕಾಣದ ರುಜು ಹಾಕಿದವರೇ. ನಮ್ಮ ಓಣಿಗೆ ಬಂದ ಆ ಕೊಡಲಿಯೂ ಅದಿರಾಗಿ ಯಾವ ಬೆಟ್ಟದಲ್ಲಿತ್ತೋ. ಒಂದು ಮರಕ್ಕೆ ಹತ್ತು ಸಸಿ ಎಂದು ಲೆಕ್ಕ ಹೇಳಿ ಸಮಾಧಾನಪಡುವುದು ಸುಲಭ. ಹತ್ತು ಸಸಿ ನೆಡುವುದು ಒಳ್ಳೆಯದೇ. ಆದರೆ ಹೆಸರು ಹೇಳುವುದು ಲೆಕ್ಕ ಹೇಳುವುದಕ್ಕಿಂತ ಬೇರೆಯ ಕೆಲಸ. ಒಂದು ಮರದ ಮುಂದೆ ಹೆಸರು ಹೇಳಲು ಬಾಯಿ ಬಾರದವರಿಗೆ ಬೆಟ್ಟದ ಮುಂದೆ ಬಂದೀತೆ?

ಇನ್ನೊಂದು ಮಾತು. ಪಾಪದ ಭಯದಿಂದ ನಾವು ಆ ಮನುಷ್ಯನಿಗೆ ವಹಿಸಿಕೊಟ್ಟದ್ದು ಪಾಪವನ್ನು ಮಾತ್ರವಲ್ಲ, ಅಪಾಯವನ್ನೂ ಕೂಡ. ನಲವತ್ತಡಿ ಎತ್ತರದಲ್ಲಿ, ಕೊಳೆತ ಕೊಂಬೆಯ ಮೇಲೆ, ಹಗ್ಗವಿಲ್ಲದೆ ನಿಂತಿದ್ದ ಅವನ ಪ್ರಾಣಕ್ಕೆ ಬೆಲೆ ಕಟ್ಟಿ, ಅದರಲ್ಲಿಯೂ ಚೌಕಾಸಿ ಮಾಡಿದ್ದೆವು. ಮರ ಕರುಣೆಗೆ ಅರ್ಹ, ಮರವೇರಿದವನು ಕೂಲಿಗೆ ಮಾತ್ರ ಅರ್ಹ ಎಂಬ ಕರುಣೆ ಎಂಥ ಕರುಣೆ!

ಕಳೆದ ರಜೆಯಲ್ಲಿ ಹಿತ್ತಲ ಬೇವಿನ ಒಂದು ಕೊಂಬೆ ಮಾಡಿಗೆ ಉಜ್ಜುತ್ತಿತ್ತು. ಅವನಿಗೇ ಹೇಳಿಕಳಿಸಿದೆ. ಹೊಸಪೇಟೆಯಿಂದ ಹಗ್ಗ, ಸೊಂಟದ ಪಟ್ಟಿ ತಂದಿಟ್ಟಿದ್ದೆ, ನಕ್ಕು ಕಟ್ಟಿಕೊಂಡ. ಕೊಂಬೆಯನ್ನು ಮೊದಲು ಕೆಳಗಿನಿಂದ ಅರ್ಧ, ತುಸು ಆಚೆಗೆ ಮೇಲಿನಿಂದ ಪೂರಾ, ಆಮೇಲೆ ಉಳಿದ ಮೋಟನ್ನು ಬುಡದ ಬಳೆಯಂಥ ಉಬ್ಬಿನ ಹೊರಗೆ ಕತ್ತರಿಸಬೇಕೆಂದು ನಾನು ಪುಸ್ತಕ ಓದಿ ತಿಳಿದದ್ದನ್ನು ಹೇಳಲು ಹೊರಟರೆ, ತೊಗಟೆ ಸುಲಿಯದಿರಲೆಂದು ತಾವು ಮೊದಲಿಂದಲೂ ಹಾಗೇ ಕೊಯ್ಯುವುದೆಂದ. ಅವನು ಕಾಂಡದ ಮೇಲೆ ಅಂಗೈಯಿಟ್ಟ ಕೂಡಲೆ, ಈ ಸಲ ಕೇಳಿಸಿಕೊಳ್ಳಬಾರದೆಂದು, ನಾನೇ ಮುಂದಾಗಿ ನನ್ನ ಹೆಸರು ಹೇಳಿದೆ.

ಅವನು ತಿರುಗಿ ನೋಡಿದ. “ಇದಕ್ಕ ಬ್ಯಾಡ್ರಿ ಮಾಸ್ತರ,” ಎಂದ, “ಇದು ಬದಕತೈತಿ.”