ನಿಂತಲ್ಲಿಯೇ ಓಡುವುದರ ನೀತಿ

ಓಟವೆಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ವೇಗವಾಗಿ ಸಾಗುವುದು ಎಂಬುದು ನಮ್ಮೆಲ್ಲರ ತಿಳಿವಳಿಕೆ. ಟ್ರೆಡ್‌ಮಿಲ್ ಈ ಅರ್ಥವನ್ನೇ ಬುಡಮೇಲು ಮಾಡಿದೆ. ಕಾಲಡಿಯ ಪಟ್ಟಿ ಹಿಂದಕ್ಕೆ ಸರಿಯುತ್ತದೆ, ಓಡುವವನು ಮುಂದಡಿ ಇಡುತ್ತಾನೆ. ಗಂಟೆ ಕಳೆದರೂ ಹೊರಟ ಜಾಗದಲ್ಲಿಯೇ ಇರುತ್ತಾನೆ. ನಮ್ಮ ಕಾಸರಗೋಡಿನಲ್ಲಿ ಆಷಾಢದ ಮಳೆ ಹಿಡಿದರೆ ಶಾಲೆಯ ಮೈದಾನ ಕೆರೆಯಾಗುತ್ತದೆ. ಸೈನ್ಯದ ನೇಮಕಾತಿಯ 1.6 ಕಿಲೋಮೀಟರ್ ಓಟಕ್ಕೆ ಸಿದ್ಧರಾಗುವ ಹುಡುಗರು ಆಗ ಈ ಯಂತ್ರವನ್ನು ಆಶ್ರಯಿಸುವುದುಂಟು. ಎಲ್ಲಿಗೂ ತಲುಪಿಸದ, ಯಂತ್ರವೇ ವೇಗವನ್ನು ಗೊತ್ತುಮಾಡುವ ಈ ಶ್ರಮವನ್ನು ಸಾಧನೆಯೆನ್ನಬಹುದೇ? ಪ್ರಶ್ನೆ ತಳ್ಳಿಹಾಕುವಂಥದಲ್ಲ.

ಈ ಯಂತ್ರದ ಹಿರಿಯನೊಬ್ಬ ಸೆರೆಮನೆಯಲ್ಲಿದ್ದ. 1818ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಕೈದಿಗಳನ್ನು ದುಡಿಸಲು ಮೆಟ್ಟಿಲುಗಳುಳ್ಳ ದೊಡ್ಡ ಚಕ್ರವೊಂದನ್ನು ರೂಪಿಸಿದರು. ಕೈದಿಗಳು ಮೆಟ್ಟಿದಂತೆ ಅದು ತಿರುಗುತ್ತಿತ್ತು. ಕೆಲವೆಡೆ ಆ ಚಕ್ರ ಧಾನ್ಯ ಬೀಸಿತು, ನೀರೆತ್ತಿತು. ಎಷ್ಟೋ ಕಡೆ ಅದಕ್ಕೆ ಏನನ್ನೂ ಜೋಡಿಸಿರಲಿಲ್ಲ. ಕೈದಿಗಳು ಬರಿಯ ಗಾಳಿಯನ್ನು ಬೀಸುತ್ತಿದ್ದರು. ಮೈಯ ದಣಿವಿಗಿಂತ ಆ ವ್ಯರ್ಥತೆಯೇ ಕಠೋರ ಶಿಕ್ಷೆಯಾಗಿದ್ದಿರಬೇಕು. 1898ರ ಕಾರಾಗೃಹ ಕಾಯಿದೆಯ ಬಳಿಕ ಈ ಪದ್ಧತಿ ಅಲ್ಲಿ ಅಂತ್ಯಗೊಂಡಿತು.

ಅಂಥದೇ ಚಲನೆ ಇಂದು ಹಣ ತೆತ್ತು ಪಡೆಯುವ ವ್ಯಾಯಾಮವಾಗಿದೆ. ವ್ಯತ್ಯಾಸ ಕಾಲಿನಲ್ಲಿಲ್ಲ, ಸಂಕಲ್ಪದಲ್ಲಿದೆ. ಅಲಾಸ್ಕಾದ ಆಂಕರೇಜ್ ನಗರದ ವೈದ್ಯೆ ಕ್ರಿಸ್ಟಿನ್ ಕ್ಲಾರ್ಕ್ ಹಿಮಗಾಲದಲ್ಲಿ ತಮ್ಮ ಅಭ್ಯಾಸದ ದೊಡ್ಡ ಪಾಲನ್ನು ಟ್ರೆಡ್‌ಮಿಲ್ ಮೇಲೆಯೇ ನಡೆಸಿ, 2000ನೆಯ ಇಸವಿಯಲ್ಲಿ ಅಮೆರಿಕದ ಮಹಿಳೆಯರ ಒಲಿಂಪಿಕ್ ಆಯ್ಕೆಯ ಮ್ಯಾರಥಾನನ್ನು ಗೆದ್ದರು. ಕೋಣೆಯೊಳಗಿನ ಆ ಮೈಲುಗಳು ಅವರನ್ನು ಎಲ್ಲಿಗೂ ಒಯ್ಯಲಿಲ್ಲವೆನ್ನಲಾದೀತೇ? ಆದರೆ ಗೆಲುವು ದೊರೆತದ್ದು ರಸ್ತೆಯ ಮೇಲೆ ಎಂಬುದನ್ನೂ ನಾವು ಮರೆಯಬಾರದು.

ಯಂತ್ರಕ್ಕೆ ತನ್ನ ಮಿತಿಗಳಿವೆ. ಅಲ್ಲಿ ಎದುರುಗಾಳಿಯಿಲ್ಲ, ಅದನ್ನು ಸರಿದೂಗಿಸಲೆಂದೇ ಓಟಗಾರರು ಪಟ್ಟಿಗೆ ಶೇಕಡಾ 1ರಷ್ಟು ಏರು ಕೊಡುವುದುಂಟು. ಕಲ್ಲು, ತಿರುವು, ಇಳಿಜಾರುಗಳಿಗೆ ಕಾಲು ಪಳಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ವೇಗವನ್ನು ಕಾಯ್ದುಕೊಳ್ಳುವ ಹೊಣೆ ಯಂತ್ರದ್ದಾಗಿರುತ್ತದೆ. ಹಾಗೆಂದು ಎರವಲು ಶಿಸ್ತು ಹೀನವಲ್ಲ. ಮಗು ಕಾಪಿ ಪುಸ್ತಕದಲ್ಲಿ ಅಚ್ಚಿನ ಅಕ್ಷರದ ಮೇಲೆ ತಿದ್ದಿಯೇ ಬರೆಯಲು ಕಲಿಯುತ್ತದೆ. ಗೆರೆಯಿಲ್ಲದ ಹಾಳೆಯಲ್ಲಿ ಕೈ ನಡುಗದಿದ್ದಾಗ ಮಾತ್ರ ಆ ತಿದ್ದುವಿಕೆ ಸಾರ್ಥಕ.

ನೀತಿಯ ಪ್ರಶ್ನೆ ಏಳುವುದು ಸಾಧನವೇ ಗುರಿಯಾದಾಗ. ಟ್ರೆಡ್‌ಮಿಲ್‌ನ ಕೈಪಿಡಿಗೆ ಮೈಭಾರ ಒಪ್ಪಿಸಿ ಓಡಿದರೆ ಶ್ರಮ ತಗ್ಗುತ್ತದೆ. ಫಲಕದ ಮೇಲಿನ ದೂರ ಮಾತ್ರ ಕಿಂಚಿತ್ತೂ ತಗ್ಗುವುದಿಲ್ಲ. ಈ ಲೆಕ್ಕದ ಸುಳ್ಳು ಯಂತ್ರಕ್ಕೆ ತಿಳಿಯದು, ನೋಡುವವರಿಗೂ ತಿಳಿಯದು, ಓಡುವವನೊಬ್ಬನಿಗೆ ತಿಳಿದಿರುತ್ತದೆ. ಸಾಕ್ಷಿಯಿಲ್ಲದೆಡೆ ತನಗೆ ತಾನು ಪ್ರಾಮಾಣಿಕನಾಗಿರುವುದೇ ಅಭ್ಯಾಸದ ಮೊದಲ ಪಾಠ. ಸೆರೆಮನೆಯ ಕೈದಿಗೆ ಕಾವಲುಗಾರನಿದ್ದ. ನಮ್ಮ ಹುಡುಗನಿಗೆ ಅವನ ಅಂತಃಸಾಕ್ಷಿಯೇ ಕಾವಲು.

ಆದುದರಿಂದ ಟ್ರೆಡ್‌ಮಿಲ್‌ಗೆ ಅಭ್ಯಾಸಕ್ರಮದಲ್ಲಿ ಅದರ ಪಾಲನ್ನು ಕೊಡೋಣ, ಇಡಿಯನ್ನು ಕೊಡದಿರೋಣ. ಮಳೆಯ ದಿನಗಳಲ್ಲಿ ಹದವಾದ ವೇಗದ ಓಟವೋ ಏರಿನ ಓಟವೋ ಅದರ ಮೇಲೆ ನಡೆಯಲಿ. ಮಳೆ ಬಿಟ್ಟೊಡನೆ ಹುಡುಗರು ಕೆಂಪು ಮಣ್ಣಿಗಿಳಿಯಲಿ. ಪರೀಕ್ಷೆಯ ದಿನ ಕಾಲಡಿಯ ನೆಲ ತಾನಾಗಿ ಸರಿಯದು. ಗಡಿನಾಡಿನಲ್ಲಿ ಕನ್ನಡ ಕಲಿಸುವ ನಮಗೆ ಈ ಮಾತು ಹೊಸದೇನಲ್ಲ. ತರಗತಿಯೊಳಗೆ ಶುದ್ಧವಾಗಿ ಓದುವ ಮಗು ಪೇಟೆಯಲ್ಲಿಯೂ ಅಳುಕದೆ ಕನ್ನಡವಾಡಲಿ ಎಂದಲ್ಲವೇ ನಾವು ಇಷ್ಟು ವರ್ಷ ಬಯಸಿದ್ದು?