ಬಂದೂಕಿನ ಒದೆತ ಮತ್ತು ಹಿಂಸೆಯ ಲೆಕ್ಕ

ಮಝಲ್ ಬ್ರೇಕ್ ಎಂದರೆ ಬೇಟೆ ಬಂದೂಕಿನ ನಳಿಗೆಯ ತುದಿಗೆ ತಿರುಗಿಸಿ ಕೂಡಿಸುವ, ಪಕ್ಕದಲ್ಲಿ ಕಂಡಿಗಳಿರುವ ಉಕ್ಕಿನ ತುಂಡು. ಗುಂಡಿನ ಬೆನ್ನಿಗೇ ನುಗ್ಗಿಬರುವ ಮದ್ದಿನ ಅನಿಲವನ್ನು ಅದು ಪಕ್ಕಕ್ಕೂ ತುಸು ಹಿಂದಕ್ಕೂ ತಿರುಗಿಸುತ್ತದೆ. ಆ ಅನಿಲ ಬಂದೂಕನ್ನು ಮುಂದಕ್ಕೆ ತಳ್ಳುವುದರಿಂದ ಹೆಗಲಿಗೆ ಬೀಳುವ ಒದೆತ ತಗ್ಗುತ್ತದೆ. ಆದರೆ ಅನಿಲದ ಜೊತೆಗೆ ಸದ್ದೂ ಪಕ್ಕಕ್ಕೆ ಹೊರಳುತ್ತದೆ. ಬ್ರೇಕ್ ಇಲ್ಲದಿದ್ದರೂ ಬೇಟೆ ಬಂದೂಕಿನ ಸದ್ದು 140 ಡೆಸಿಬಲ್ ದಾಟುತ್ತದೆ. ಅಂಥ ಒಂದೇ ಸಿಡಿತ ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಹೊಡೆಯುವವನ ಹೆಗಲು ಉಳಿಯುತ್ತದೆ, ಪಕ್ಕದಲ್ಲಿ ನಿಂತವನ ಕಿವಿ ಬೆಲೆ ತೆರುತ್ತದೆ. ಹೀಗಾಗಿ ಬ್ರೇಕ್ ಕೂಡಿಸಬೇಕೋ ಬೇಡವೋ ಎಂಬುದು ಯಂತ್ರದ ಪ್ರಶ್ನೆಯಷ್ಟೇ ಅಲ್ಲ, ಧರ್ಮದ ಪ್ರಶ್ನೆಯೂ ಹೌದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ಭಾರತದಲ್ಲಿ ವನ್ಯಪ್ರಾಣಿಗಳ ಬೇಟೆ ನಿಷಿದ್ಧ. ಮನುಷ್ಯರ ಜೀವಕ್ಕೆ ಎರವಾದ ಪ್ರಾಣಿಯನ್ನು ಅಧಿಕಾರಿಯ ಅಪ್ಪಣೆಯಿಂದ ಕೊಲ್ಲುವಂಥ ಅಪವಾದಗಳು ಮಾತ್ರ ಉಳಿದಿವೆ. ಧಾರವಾಡದ ಸಪ್ತಾಪುರದಂಥ ಬಡಾವಣೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನವೂ ಹೂವು, ಕುಂಕುಮ ಏರುವುದು ಬೈಕಿಗೆ, ಪುಸ್ತಕಕ್ಕೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೇ. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಶಸ್ತ್ರ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಬೇಟೆ ನಿಂತರೂ ಕೋವಿ ಉಳಿದಿದೆ. ಕೋವಿ ಇರುವಲ್ಲಿ ಅದರ ಒದೆತದ ಪ್ರಶ್ನೆಯೂ ಇದೆ.

ಉಪಕರಣಕ್ಕೂ ಹಿಂಸೆಗೂ ಇರುವ ನಂಟನ್ನು ಬಿಡಿಬಿಡಿಯಾಗಿ ನೋಡಿದವರು ಜೈನರು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮ ಒಳಹರಿಯುವ ಬಗೆಯನ್ನು ಹೇಳುತ್ತದೆ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದವರು ಕರ್ನಾಟಕದ ಪೂಜ್ಯಪಾದರು. ಅದರ ಪ್ರಕಾರ ಕೃತ್ಯಕ್ಕೆ ಮೂರು ಮೆಟ್ಟಿಲು: ಮಾಡಬೇಕೆಂದು ಮನಸ್ಸು ತೊಡಗುವುದು ಸಂರಂಭ, ಸಾಧನಗಳನ್ನು ಅಣಿಗೊಳಿಸುವುದು ಸಮಾರಂಭ, ಕೆಲಸಕ್ಕೆ ಕೈಹಾಕುವುದು ಆರಂಭ. ತಾನೇ ಮಾಡಿದರೂ, ಬೇರೆಯವರಿಂದ ಮಾಡಿಸಿದರೂ, ಮಾಡಿದ್ದಕ್ಕೆ ಒಪ್ಪಿದರೂ ಕರ್ಮ ಅಂಟುತ್ತದೆ. ಇವನ್ನು ಮನ, ಮಾತು, ಮೈಗಳಿಂದಲೂ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಬಗೆ. ಕರ್ಮಕ್ಕೆ ಜೀವವಿಲ್ಲದ ಆಧಾರಗಳ ಪಟ್ಟಿಯಲ್ಲಿ ಒಂದು ಉಪಕರಣಕ್ಕೆ ಇನ್ನೊಂದನ್ನು ಕೂಡಿಸುವ ‘ಉಪಕರಣ ಸಂಯೋಗ’ವೂ ಇದೆ. ಈ ಲೆಕ್ಕದಲ್ಲಿ ಬ್ರೇಕ್ ಕೂಡಿಸುವುದು ಸಮಾರಂಭ. ಗುಂಡು ಹಾರುವ ಮೊದಲೇ ಹೊಣೆ ಶುರುವಾಗಿರುತ್ತದೆ.

ಆ ಹೊಣೆಯ ತೂಕ ನಿಂತಿರುವುದು ಸಂಕಲ್ಪದ ಮೇಲೆ. ಜನ್ನನ ‘ಯಶೋಧರ ಚರಿತೆ’ (1209) ಕನ್ನಡದಲ್ಲಿ ಇದನ್ನು ಕಥೆಯಾಗಿಸಿತು. ಅಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ. ಆದರೂ ಕೊಟ್ಟ ರಾಜನಿಗೂ ಕೊಡಿಸಿದ ತಾಯಿಗೂ ಪ್ರಾಣಿಜನ್ಮಗಳ ಸರಣಿ ತಪ್ಪುವುದಿಲ್ಲ. ಈ ನೋಟದಲ್ಲಿ, ಮೋಜಿಗಾಗಿ ಕೊಲ್ಲುವ ಮನಸ್ಸಿದ್ದರೆ ಬ್ರೇಕ್ ಇದ್ದರೂ ಇಲ್ಲದಿದ್ದರೂ ಪಾಪದ ಬುಡ ಒಂದೇ.

ಬ್ರೇಕಿನ ಪರವಾದ ವಾದ ಹಗುರವಾದುದಲ್ಲ. ಒದೆತಕ್ಕೆ ಹೆದರಿದವನು ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ಬೆಚ್ಚುತ್ತಾನೆ, ಗುರಿ ಜಾರುತ್ತದೆ, ಪ್ರಾಣಿ ಸಾಯದೆ ಗಾಯಗೊಂಡು ನರಳುತ್ತದೆ. ಒದೆತ ಕಡಿಮೆಯಾದರೆ ಗುರಿ ನಿಲ್ಲುತ್ತದೆ. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವುದು ಪ್ರಮಾದದಿಂದ ಪ್ರಾಣ ಕಳೆಯುವುದು ಎಂದು. ಗುರಿ ತಪ್ಪದಂತೆ ಎಚ್ಚರವಹಿಸುವುದು ಪ್ರಮಾದವನ್ನು ತಗ್ಗಿಸುವ ಯತ್ನ. ಆದರೆ ಇದೇ ಅಳತೆಗೋಲು ಇನ್ನೊಂದು ಕಡೆಗೂ ತಿರುಗುತ್ತದೆ: ಕಿವಿ ಮುಚ್ಚಿಕೊಳ್ಳದ ಜೊತೆಗಾರನ ಪಕ್ಕದಲ್ಲಿ ಬ್ರೇಕ್ ಹಾಕಿದ ಬಂದೂಕು ಹಾರಿಸುವುದು ಹೊಸದೊಂದು ಪ್ರಮಾದ. ಹಗುರ ಮದ್ದಿನ ಗುಂಡು, ಭಾರದ ಬಂದೂಕು, ಹಿಡಿಯ ಕೊನೆಗೆ ರಬ್ಬರ್ ಮೆತ್ತೆ — ಇವೂ ಒದೆತ ತಗ್ಗಿಸುತ್ತವೆ, ಯಾರ ಕಿವಿಗೂ ಹೆಚ್ಚಿನ ಹೊರೆ ಹೊರಿಸುವುದಿಲ್ಲ.

‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯ ಕಣ್ಣಿನಿಂದ ನೋಡಿದರೆ ಬ್ರೇಕಿನ ತೊಡಕು ನಿಚ್ಚಳವಾಗುತ್ತದೆ. ಮೊದಲು ಹಳೆಯ ಬೇಟೆಯೊಂದನ್ನು ನೋಡೋಣ: ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949ರ ಸುಮಾರಿನ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿನ ಕಲ್ಲು. ಆ ನಾಯಿ, ಅದು ಎದುರಿಸಿದ ಹಂದಿ ಎರಡೂ ಹೋರಾಡಿ ಸತ್ತವು. ಅಂದಿನ ಬೇಟೆಯಲ್ಲಿ ಅಪಾಯ ಬೆನ್ನಟ್ಟಿದವರ ಕಡೆಗೂ ಇತ್ತು, ಆದರೆ ಅದರ ಬೆಲೆ ತೆತ್ತದ್ದು ಒಡೆಯನಲ್ಲ, ನಾಯಿ. ದೂರದಿಂದ ಹೊಡೆಯುವ ಬಂದೂಕು ಆ ಅಪಾಯವನ್ನೂ ಅಳಿಸಿತು. ಹೊಡೆದವನಿಗೆ ಮರಳಿ ತಾಗುವುದು ಒದೆತವೊಂದೇ. ಒದೆತ ಶಿಕ್ಷೆಯಲ್ಲ, ಬರೀ ಭೌತನಿಯಮ. ಅದನ್ನು ತಗ್ಗಿಸಿಕೊಳ್ಳುವುದರಲ್ಲಿ ದೋಷವಿಲ್ಲ. ತನ್ನ ಪಾಲನ್ನು ಇನ್ನೊಬ್ಬನ ಎಲೆಗೆ ಬಡಿಸುವುದರಲ್ಲಿ ದೋಷವಿದೆ.

ಆದ್ದರಿಂದ ನಿರ್ಧಾರಕ್ಕೆ ಮೂರು ಪ್ರಶ್ನೆ, ಈ ಕ್ರಮದಲ್ಲೇ: ಗುಂಡು ಹಾರಿಸುವುದೇ ಸರಿಯೇ? ಒದೆತದಿಂದ ಗುರಿ ನಿಜವಾಗಿ ಕೆಡುತ್ತಿದೆಯೇ? ಸುತ್ತಲಿನವರ ಕಿವಿಗೆ ರಕ್ಷಣೆ ಇದೆಯೇ, ಅವರು ಒಪ್ಪಿದ್ದಾರೆಯೇ? ಮೊದಲನೆಯದಕ್ಕೆ ಉತ್ತರ ‘ಅಲ್ಲ’ ಎಂದಾದರೆ ಉಳಿದೆರಡನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.